ಅಕ್ಕ ಆರಿಸಿ ಕೊಟ್ಟ ಬಣ್ಣ

ಗ್ರಂಥಾಲಯದ ಗುಮಾಸ್ತೆಗೆ ಐವತ್ತಾರು ತುಂಬಿತ್ತು. ಬ್ಯೂಟಿ ಪಾರ್ಲರ್ ಇಟ್ಟಿದ್ದ ಅಕ್ಕ ಕೊಡುತ್ತಿದ್ದ, ಮುಖಕ್ಕೆ ಬಳಿಯುವ ಫೌಂಡೇಶನ್ನನ್ನೇ ಹನ್ನೆರಡು ವರ್ಷ ಕಣ್ಣುಮುಚ್ಚಿ ನಂಬಿ ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಬಾಟಲಿ ಒಡೆದುಹೋಗಿ, ಹೊಸದು ಕೊಳ್ಳಲು ಅಂಗಡಿಗೆ ಹೋದಳು. ಅಂಗಡಿಯಾಕೆ ಅವಳ ದವಡೆಗೆ ಗೋಧಿಬಣ್ಣದ ಹನಿಯೊಂದನ್ನು ಸವರಿದಳು. ಅದು ಚರ್ಮದಲ್ಲೇ ಬೆರೆತುಹೋಯಿತು.

"ನೀವು ಹಚ್ಕೊಂಡಿರೋದು ತುಂಬಾ ಬಿಳಿ, ಮೇಡಂ. ಬೂದಿ ಬಳಿದ ಹಾಗಿದೆ."

ಗೋಧಿಬಣ್ಣದ ಬಾಟಲಿ ಕೊಂಡು, ಅಲ್ಲಿಂದ ನೇರ ಪಾರ್ಲರಿಗೆ ಹೋಗಿ, ಅಷ್ಟು ಬಿಳಿಯದ್ದು ಯಾಕೆ ಕೊಟ್ಟೆ ಎಂದು ಅಕ್ಕನನ್ನು ಕೇಳಿದಳು.

"ಯಾರೂ ತಗೊಳ್ದೆ ಉಳಿದಿದ್ದು ಕಣೆ. ಎಸೆಯೋದ್ಯಾಕೆ ಅಂತ ನಿಂಗೆ ಕೊಟ್ಟೆ," ಅಕ್ಕ ನಕ್ಕಳು. "ಈ ವಯಸ್ಸಲ್ಲಿ ನಿನ್ನ ಯಾರು ನೋಡ್ತಾರೆ ಬಿಡು."

"ನೀನು ನೋಡ್ತಿದ್ದೆಯಲ್ಲಕ್ಕಾ. ನೋಡಿ, ಇದೇ ನಿಂಗೆ ಒಪ್ಪತ್ತೆ ಅಂತಿದ್ದೆ."

ಅಕ್ಕ ಆ ಕಡೆ ತಿರುಗಿ ಕನ್ನಡಿ ಒರೆಸತೊಡಗಿದಳು.

ಮರುದಿನ ಗೋಧಿಬಣ್ಣ ಹಚ್ಚಿಕೊಂಡು ಹೋದಾಗ ಜೊತೆಯವರೆಲ್ಲ ಹೊಗಳಿದರು. ಅವಳೂ ನಕ್ಕಳು. ಆದರೆ ನಂಬಿದ ಎಮ್ಮೆ ಕೋಣ ಈದ ಸಂಕಟ ಮಾತ್ರ ಆರಲಿಲ್ಲ.