ನಡುಗೋಡೆಯ ನೀರು

ಕಿರುಬೆರಳಿನಷ್ಟು ಎತ್ತರ, ಮೈಮೇಲೆ ಒಂದು ಬಿಳಿ ಗೆರೆ, ತಲೆಗೊಂದು ಪ್ಲಾಸ್ಟಿಕ್ ಮುಚ್ಚಳ. ಇಷ್ಟೇ ನಾನು, ಒಂದು ಗಾಜಿನ ಶೀಶೆ. ನನ್ನ ಜೊತೆಗೆ ಅದೇ ಕುಲುಮೆಯಲ್ಲಿ ಹುಟ್ಟಿದ ಕೆಲವು ಶೀಶೆಗಳು ಅತ್ತರು ತುಂಬಿಕೊಂಡು ಮೆರೆದವು, ಕೆಲವು ಕೆಮ್ಮಿನ ಔಷಧಿ ತುಂಬಿಕೊಂಡವು. ನನ್ನ ಪಾಲಿಗೆ ಬಂದದ್ದು ಉಪ್ಪುನೀರು. ಬಿಳಿ ಗೆರೆಯವರೆಗೆ ನೀರು ತುಂಬಿಕೊಳ್ಳಬೇಕು, ಔಷಧದ ಹನಿ ಬಿದ್ದಾಗ ಬಣ್ಣ ಬದಲಿಸಬೇಕು, ಇದ್ದದ್ದನ್ನು ಇದ್ದಂತೆ ತೋರಿಸಬೇಕು. ಹತ್ತು ವರ್ಷ ಇದನ್ನೇ ಮಾಡಿದೆ. ಮನುಷ್ಯರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ; ಆಮೇಲೆ ಒಂದು ಶೀಶೆಗೆ ಇಷ್ಟು ಸೊಕ್ಕೇ ಎಂದು ಯಾರೂ ಮೂಗು ಮುರಿಯುವುದು ಬೇಡ.

ನಾನು ಬಂದು ಸೇರಿದ್ದು ಹುಬ್ಬಳ್ಳಿಯ ಯಲಿಗಾರ ದಂತ ಚಿಕಿತ್ಸಾಲಯಕ್ಕೆ. ಸಮುದ್ರ ಇರುವುದು ಘಟ್ಟದ ಕೆಳಗೆ. ಆದರೂ ಹಲ್ಲು ಕೀಳಿಸಿಕೊಳ್ಳಲು ಬಂದವರು ಹೆದರಿಕೆ ಮರೆಯಲೆಂದು ದೊಡ್ಡ ಯಲಿಗಾರ ಡಾಕ್ಟರು ಆರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿಸಿ, ಎರಡು ಕಿತ್ತಳೆ ಬಣ್ಣದ ಮೀನು ಬಿಟ್ಟರು. ಜೊತೆಗೆ ಯಾರದೋ ತೊಟ್ಟಿಯಲ್ಲಿ ಬೆಳೆದ ಹಸಿರು ಹವಳದ ಒಂದು ಚೂರು, ಹೆಬ್ಬೆರಳಿನ ಉಗುರಿನಷ್ಟು. ಅದನ್ನು ನೋಡಿಕೊಳ್ಳುವ ಕೆಲಸ ಕಸ್ತೂರೆವ್ವನಿಗೆ ಬಂತು. ಚಿಮಟ, ಇಕ್ಕಳಗಳನ್ನು ಕುದಿಸುವುದು, ಪಾಳಿಯಂತೆ ಹೆಸರು ಕೂಗುವುದು ಆಕೆಯ ನಿತ್ಯದ ಕೆಲಸ.

"ನೋಡು ಕಸ್ತೂರೆವ್ವ, ಈ ಹವಳ ಮನಿ ಕಟ್ಟಾಕತ್ತೈತಿ," ಎಂದು ಡಾಕ್ಟರು ಹೇಳಿಕೊಟ್ಟಿದ್ದರು. "ಅದಕ್ಕ ಕ್ಯಾಲ್ಸಿಯಂನೂ ಬೇಕು, ಸೋಡಾನೂ ಬೇಕು. ದಿನಾ ನೀರಾಗಿಂದ ಎರಡನ್ನೂ ತಗೋತೈತಿ, ನಾವು ಎರಡನ್ನೂ ತುಂಬಿ ಕೊಡಬೇಕು. ಮುಂಜಾನೆ ಒಂದು ಮುಚ್ಚಳ ಸೋಡಾ, ಸಂಜೀಕ ಒಂದು ಮುಚ್ಚಳ ಕ್ಯಾಲ್ಸಿಯಂ. ಒಮ್ಮೆಲೇ ಕೂಡಿಸಿ ಸುರದಿ ಅಂದ್ರ ಎರಡೂ ಸೇರಿ ಸುಣ್ಣಾಗಿ ಉದುರಿ ಹೋಗ್ತಾವ. ಹವಳಕ್ಕ ಏನೂ ಸಿಗೂದಿಲ್ಲ."

ಪ್ರತಿ ಸೋಮವಾರ ಬಾಗಿಲು ತೆಗೆಯುವ ಮೊದಲು ಆಕೆ ನನ್ನಲ್ಲಿ ನೀರು ತುಂಬುತ್ತಿದ್ದಳು. ಮೊದಲ ಪರೀಕ್ಷೆ ಸೋಡಾದ್ದು, ಅಂದರೆ ನೀರಿನ ಕ್ಷಾರದ್ದು: ಎಂಟು ಹನಿಗೆ ನೀಲಿ ಹೋಗಿ ಹಳದಿಯಾಗಬೇಕು. ಎರಡನೆಯದು ಕ್ಯಾಲ್ಸಿಯಂದು: ಇಪ್ಪತ್ತೊಂದು ಹನಿಗೆ ಗುಲಾಬಿ ಹೋಗಿ ನೀಲಿಯಾಗಬೇಕು. ತುಟಿ ಅಲ್ಲಾಡಿಸದೆ ಎಣಿಸುತ್ತಿದ್ದಳು. ಉಗುರಿನಷ್ಟಿದ್ದ ಹವಳ ಒಂಬತ್ತು ವರ್ಷಕ್ಕೆ ಅಂಗೈಯಗಲ ಆಯಿತು. ಕಸ್ತೂರೆವ್ವ ಅದನ್ನು ಸಾಕಿ ದೊಡ್ಡದು ಮಾಡಿದಳು ಅಂದರೆ ತಪ್ಪಿಲ್ಲ. ನನಗೆ ಇಷ್ಟವಾದ ಮನುಷ್ಯಳು ಆಕೆ ಒಬ್ಬಳೇ.

ದೊಡ್ಡ ಡಾಕ್ಟರು ತೀರಿಕೊಂಡರು. ಮಕ್ಕಳಿಬ್ಬರೂ ಹಲ್ಲಿನ ಡಾಕ್ಟರೇ. ಹಿರಿಯ ಶಿವಯೋಗಿ, ಕಿರಿಯ ಗುರುಪಾದ, ಇಬ್ಬರದೂ ಮೊದಲಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ. ಹದಿಮೂರನೇ ದಿನಕ್ಕೆ ಚಿಕಿತ್ಸಾಲಯದ ನಡುವೆ ಪ್ಲೈವುಡ್ ಗೋಡೆ ಎದ್ದಿತು. ತೊಟ್ಟಿಯನ್ನು ಸರಿಸಿದರೆ ಒಡೆಯುತ್ತದೆ ಎಂದು ಬಡಿಗೇರ ಹೇಳಿದ್ದರಿಂದ ಅದು ಗೋಡೆಯ ಹೊಟ್ಟೆಯಲ್ಲೇ ಉಳಿಯಿತು. ಈ ಕಡೆಯ ಗಾಜು ಅಣ್ಣನದು, ಆ ಕಡೆಯದು ತಮ್ಮನದು. ಕುರ್ಚಿಗಳು ಆರಾರು ಹಂಚಿಹೋದವು. ಕೊನೆಗೆ ನಮ್ಮ ಪರೀಕ್ಷೆಯ ಡಬ್ಬಿಯನ್ನೂ ತೆರೆದರು. ಸೋಡಾ ಜಾಡಿ ಮತ್ತು ಕ್ಷಾರದ ಹನಿಬಾಟಲಿ ಅಣ್ಣನಿಗೆ, ಕ್ಯಾಲ್ಸಿಯಂ ಜಾಡಿ ಮತ್ತು ಅದರ ಹನಿಬಾಟಲಿ ತಮ್ಮನಿಗೆ. ಓದಿದವರು ಮಾಡಿದ ಪಾಲು ಇದು.

ಉಳಿದದ್ದು ನಾನು. ಇನ್ನೊಂದು ಡಬ್ಬಿ ತರಿಸಿದ್ದರೆ ಮುಗಿಯುತ್ತಿತ್ತು, ಆದರೆ ಮೊದಲು ತರಿಸಿದವನು ಸೋತಂತೆ ಎಂದು ಇಬ್ಬರೂ ತರಿಸಲಿಲ್ಲ. "ಇದು ನನ್ನ ಹತ್ರ ಇರ್ಲಿ ಬಿಡ್ರಿ," ಎಂದು ಕಸ್ತೂರೆವ್ವ ನನ್ನನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. ಮುಂಜಾನೆ ಈ ಕಡೆ, ಸಂಜೆ ಆ ಕಡೆ ದುಡಿಯುತ್ತಿದ್ದ ಆಕೆಯನ್ನೂ ಅವರು ಹಂಚಿಕೊಂಡೇ ಇದ್ದರು.

"ನನ್ನ ಲೆಕ್ಕ ಆ ಕಡೆ ಹೋಗಬಾರದು," ಎಂದ ಅಣ್ಣ.

"ಅಂವಗ ನನ್ನ ನಂಬರ್ ಹೇಳಿದಿ ಅಂದ್ರ ನಾಳಿಂದ ಬರಬ್ಯಾಡ," ಎಂದ ತಮ್ಮ.

ಆಮೇಲೆ ಶುರುವಾಯಿತು ಇವರ ಆಟ. ಒಂದು ಸೋಮವಾರ ಎಂಟು ಹನಿಗೆ ಆಗಬೇಕಾದ ಹಳದಿ ಏಳಕ್ಕೇ ಆಯಿತು, ಅಂದರೆ ಕ್ಷಾರ ಕೊಂಚ ಇಳಿದಿತ್ತು. ಅಣ್ಣ ಒಂದರ ಬದಲು ನಾಲ್ಕು ಮುಚ್ಚಳ ಸೋಡಾ ಸುರಿದ. ಹೆಚ್ಚಾದ ಸೋಡಾ ನೀರಿನ ಕ್ಯಾಲ್ಸಿಯಂ ಹಿಡಿದು ಸುಣ್ಣವಾಗಿ ತಳಕ್ಕೆ ಇಳಿಯಿತು. ಮುಂದಿನ ವಾರ ಇಪ್ಪತ್ತೊಂದರ ಜಾಗದಲ್ಲಿ ಹದಿನೆಂಟೇ ಹನಿ. ತಮ್ಮ ಮುಖ ಗಂಟಿಕ್ಕಿ, "ಅಂವ ಏನೋ ಹಾಕ್ಯಾನ," ಎಂದು ಐದು ಮುಚ್ಚಳ ಕ್ಯಾಲ್ಸಿಯಂ ಸುರಿದ. ಅದು ಸೋಡಾವನ್ನು ಎಳೆದುಕೊಂಡು ಇಳಿಯಿತು. ಅಣ್ಣ ನೋಡಿದಾಗ ಆರೇ ಹನಿ, ಮತ್ತೆ ಸೋಡಾ. ಒಬ್ಬರ ಮೇಲೊಬ್ಬರು ಹಲ್ಲು ಕಡಿಯುತ್ತ, ಗಾಜಿನಾಚೆಯಿಂದ ದುರುಗುಟ್ಟುತ್ತ, ತಿಂಗಳುಗಟ್ಟಲೆ ಸುರಿದದ್ದೇ ಸುರಿದದ್ದು. ತಳದ ಮರಳು ಹೆಪ್ಪುಗಟ್ಟಿ ಬಂಡೆಯಾಯಿತು. ಹವಳದ ಅಂಚು ಬಿಳಿಚಿಕೊಂಡಿತು.

ಎರಡೂ ಲೆಕ್ಕ ಗೊತ್ತಿದ್ದದ್ದು ನನಗೆ ಮತ್ತು ಕಸ್ತೂರೆವ್ವನಿಗೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಆಕೆಗೆ ತಿಳಿದದ್ದು ಈ ಇಬ್ಬರಿಗೆ ತಿಳಿಯಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಒಂದು ದಿನ ಅಣ್ಣನ ಮುಂದೆ ನಿಂತು ಹೇಳಿದಳು: "ಸಾಹೇಬ್ರ, ನೀವು ಸೋಡಾ ಜಾಸ್ತಿ ಹಾಕಿದಾಗೆಲ್ಲಾ ಆ ಕಡೆ ಕ್ಯಾಲ್ಸಿಯಂ ಇಳೀತೈತಿ. ಸಣ್ಣ ಡಾಕ್ಟ್ರು ಅದನ್ನ ಏರಿಸಿದಾಗ ನಿಮ್ಮದು ಇಳೀತೈತಿ. ಇಬ್ರೂ ಒಂದು ಮುಚ್ಚಳಕ್ಕ ಬರ್ರಿ. ಇಲ್ಲಾಂದ್ರ ಆ ಜೀವ ಉಳಿಯೂದಿಲ್ಲ."

"ಅಂದ್ರ ಅಂವಂದ ತಪ್ಪು ಅಂತ ನೀನೂ ಒಪ್ಪಿದಿ," ಎಂದ ಅಣ್ಣ.

ಆಕೆ ಬೀದಿಗಿಳಿದು, ಸುತ್ತು ಹಾಕಿ, ಇನ್ನೊಂದು ಬಾಗಿಲಿನಿಂದ ತಮ್ಮನ ಬಳಿ ಹೋಗಿ ಅದನ್ನೇ ಹೇಳಿದಳು. ಉತ್ತರವೂ ಅದೇ ಬಂತು, ಒಂದಕ್ಷರ ವ್ಯತ್ಯಾಸವಿಲ್ಲದೆ. ಇಬ್ಬರೂ ಒಂದೇ ತಾಯಿಯ ಮಕ್ಕಳು ಎಂದು ನನಗೆ ಖಾತ್ರಿಯಾದದ್ದು ಅವತ್ತೇ. ಅಪ್ಪನ ಕಾಲದ ಕಸ್ತೂರೆವ್ವನನ್ನು ಕೆಲಸದಿಂದ ಬಿಡಿಸುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಕೊನೆಯ ಸೋಮವಾರ ಎರಡೂ ಲೆಕ್ಕ ಪಾತಾಳಕ್ಕಿಳಿದಿದ್ದವು. ಸೋಡಾದ್ದು ಐದು, ಕ್ಯಾಲ್ಸಿಯಂದು ಹದಿನಾಲ್ಕು. ತನ್ನ ಕೈ ಎಲ್ಲಾದರೂ ತಪ್ಪಿತೇ ಎಂದು ಕಸ್ತೂರೆವ್ವ ಮತ್ತೊಮ್ಮೆ ನನ್ನಲ್ಲಿ ನೀರು ತುಂಬಿ ಮುಚ್ಚಳ ಬಿಗಿದಳು. ಅಷ್ಟರಲ್ಲಿ ಅಣ್ಣ ಜಾಡಿ ಹಿಡಿದು ಈ ಕಡೆ ಬಂದು ನಿಂತಿದ್ದ. ಗಾಜಿನಾಚೆ ತಮ್ಮನೂ ಜಾಡಿ ಹಿಡಿದಿದ್ದ.

"ಸ್ವಲ್ಪ ತಡೀರಿ ಸಾಹೇಬ್ರ," ಎಂದಳು ಆಕೆ. "ಅವರು ಮೊದಲು ಹಾಕ್ಲಿ, ಸಂಜೀಕ ನೀವು ಹಾಕ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಂವ ಯಾಕ ಮೊದಲು?" ಎಂದು ಅಣ್ಣ ಇಡೀ ಜಾಡಿಯನ್ನೇ ಬಗ್ಗಿಸಿದ. ಅದನ್ನು ಕಂಡ ತಮ್ಮ ತಾನೇನು ಕಡಿಮೆ ಎಂದು ಅವನದನ್ನೂ ಬಗ್ಗಿಸಿದ.

ಎರಡೂ ಕಡೆಯಿಂದ ಎರಡು ಬಿಳಿ ಮೋಡ ಬಂದು ನಡುವೆ ಕೂಡಿದವು. ಒಂದು ನಿಮಿಷದಲ್ಲಿ ನೀರು ಗೋಡೆಗೆ ಬಳಿಯುವ ಸುಣ್ಣದಂತಾಯಿತು. ಕಸ್ತೂರೆವ್ವ ಹೆಗಲವರೆಗೆ ಕೈ ಹಾಕಿ ತಡಕಾಡಿದಳು. ಮೀನೆರಡೂ ಸಿಕ್ಕವು, ಒಂದು ಮಾತ್ರ ಬಕೆಟಿನಲ್ಲಿ ಅಲ್ಲಾಡಿತು. ಹವಳ ಕೈಗೆ ಸಿಕ್ಕಿತು, ಬಿಟ್ಟು ಬರಲಿಲ್ಲ. ಹತ್ತು ವರ್ಷ ತಳದ ಕಲ್ಲಿಗೇ ಅಂಟಿ ಬೆಳೆದಿತ್ತು. ಆಕೆ ಎಳೆದಳು, ಅತ್ತಳು, ಮತ್ತೆ ಎಳೆದಳು. ಬಗ್ಗಿದಾಗ ನಾನು ಜೇಬಿನಿಂದ ಜಾರಿ ತಳಕ್ಕೆ ಬಿದ್ದೆ.

ಮೂರನೇ ದಿನಕ್ಕೆ ಸುಣ್ಣ ಇಳಿಯಿತು. ಆದರೆ ಎರಡೂ ಗಾಜುಗಳ ಒಳಮೈಗೆ ದಪ್ಪ ಬಿಳಿ ಕಿಟ್ಟ ಹತ್ತಿತ್ತು. ಕಸ್ತೂರೆವ್ವ ವಿನೆಗರ್ ಬಾಟಲಿ, ಕೆರೆಯುವ ಅಲಗು ಹಿಡಿದು ಬಂದಳು. "ಕೆರದು ಸ್ವಚ್ಛ ಮಾಡ್ಲೇನ್ರಿ?"

ಅಣ್ಣ ಗಾಜಿನ ಕಡೆ ನೋಡಿದ. ಆಚೆ ತಮ್ಮ ಕಾಣುತ್ತಿರಲಿಲ್ಲ. "ಇರ್ಲಿ ಬಿಡು," ಎಂದ.

ಆಕೆ ಬೀದಿ ಸುತ್ತಿ ತಮ್ಮನ ಕಡೆ ಹೋಗಿ ಅದನ್ನೇ ಕೇಳಿದಳು. "ಬ್ಯಾಡ. ಹಿಂಗ ಚಲೋ ಐತಿ," ಎಂದ ಅವನು.

ಅಪ್ಪ ಸತ್ತ ಮೇಲೆ ಅಣ್ಣತಮ್ಮ ಒಪ್ಪಿದ ಮೊದಲ ಮಾತು ಇದು. ಕಸ್ತೂರೆವ್ವ ವಿನೆಗರ್ ಬಾಟಲಿಯನ್ನು ತಮ್ಮನ ಮೇಜಿನ ಮೇಲಿಟ್ಟು, ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಬಕೆಟ್ ಎತ್ತಿಕೊಂಡು ಹೋದಳು. ಮತ್ತೆ ಬರಲಿಲ್ಲ.

ನೀರು ಆರಿ ಹೋಗಿ ಮೂರು ವರ್ಷವಾಯಿತು. ಸತ್ತ ಹವಳದ ಪಕ್ಕದಲ್ಲಿ, ಸುಣ್ಣದಲ್ಲಿ ಅರ್ಧ ಹೂತು ನಾನು ಬಿದ್ದಿದ್ದೇನೆ. ಆಕೆ ಬಿಗಿದ ಮುಚ್ಚಳ ಗಟ್ಟಿಯಾಗಿದೆ, ಒಳಗೆ ಆ ಮುಂಜಾನೆಯ ನೀರು ಹಾಗೇ ಇದೆ. ಇವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆ ಹವಳ ಕ್ಯಾಲ್ಸಿಯಂ, ಸೋಡಾ ಎರಡನ್ನೂ ಕೂಡಿಸಿ ಮನೆ ಕಟ್ಟುತ್ತಿತ್ತು. ಇವರು ಅವೇ ಎರಡನ್ನು ಸುರಿದು ತಮಗೆ ಬೇಕಾದ ಗೋಡೆ ಕಟ್ಟಿಕೊಂಡರು. ದಿನವಿಡೀ ಎರಡೂ ಕಡೆಯಿಂದ ಯಂತ್ರದ ಸದ್ದು ಬರುತ್ತದೆ. ಅಣ್ಣತಮ್ಮ ಇಬ್ಬರೂ ಊರಿನವರ ಹಲ್ಲಿಗೆ ಹತ್ತಿದ ಕಿಟ್ಟ ಕೆರೆಯುತ್ತಿರುತ್ತಾರೆ.