ತವರಿನಿಂದ ಬಂದ ಹೇಂಟೆ

ಗಿರಿಯಮ್ಮ ಬಸರೀಕಟ್ಟೆಯ ಮಗಳ ಮನೆಗೆ ಹೊರಟಳೆಂದರೆ ಕಂಕುಳಲ್ಲಿ ಒಂದು ಹೇಂಟೆ ಇರಲೇಬೇಕು. ಬರಿಗೈ ಬೀಸಿಕೊಂಡು ಮಗಳ ಮನೆಗೆ ಹೋಗುವ ತಾಯಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಗಂಡ ಸತ್ತಮೇಲೆ ಮೆಣಸೆಯ ಆ ಮನೆಯಲ್ಲಿ ಕೊಡುವಂಥದ್ದು ಕೋಳಿ ಬಿಟ್ಟರೆ ಬೇರೇನೂ ಇರಲಿಲ್ಲ ಎನ್ನಿ. "ಅಮ್ಮ, ಕೋಳಿಗೂ ಟಿಕೆಟ್ ತಗೊಳ್ಳಿ" ಎಂದು ಕಂಡಕ್ಟರು ರೇಗಿಸಿದರೆ, "ಅದು ನನ್ನ ತೊಡೆ ಮೇಲೆ ಕೂತದೆ ಮಾರಾಯ, ನಿನ್ನ ಸೀಟಿನ ಮೇಲಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮಗಳು ಶಂಕರಮ್ಮ ಮದುವೆಯಾಗಿ ಎಂಟು ವರ್ಷವಾದರೂ ಬಸಿರಾಗಿರಲಿಲ್ಲ. ಮೊದಲ ಐದು ವರ್ಷ ಅತ್ತೆ ಯಮುನಮ್ಮ ಸೊಸೆಗೆ ಮುಖ ಕೊಟ್ಟು ಮಾತಾಡಿದವಳಲ್ಲ. ಮಗ ದೇವಪ್ಪನಿಗೆ ಇನ್ನೊಂದು ಹೆಣ್ಣು ತರುವ ಮಾತು ಜಗುಲಿಯ ಮೇಲೆ ನಡೆಯುತ್ತಿತ್ತು, ಶಂಕರಮ್ಮನಿಗೆ ಕೇಳಿಸುವಷ್ಟೇ ಗಟ್ಟಿಯಾಗಿ. ಆಗ ಗಿರಿಯಮ್ಮ ಒಂದು ಕಾವಿನ ಹೇಂಟೆಯನ್ನು ಒಯ್ದು ಕೊಟ್ಟಳು. ಶಂಕರಮ್ಮ ಅದರಡಿ ಹದಿಮೂರು ಮೊಟ್ಟೆ ಇಟ್ಟಳು. ಹದಿಮೂರೂ ಮರಿಯಾದವು. ಮುಂದಿನ ಸಲವೂ ಒಂದೇ ಒಂದು ಮೊಟ್ಟೆ ಕೆಡಲಿಲ್ಲ.

"ಇವಳ ಕೈಗುಣ ಒಳ್ಳೇದು" ಎಂದು ಯಮುನಮ್ಮ ಪಕ್ಕದ ಮನೆಯವರಿಗೆ ಹೇಳಿದಳಂತೆ. ಆ ಸುದ್ದಿ ಕೇಳಿದ ದಿನ ಗಿರಿಯಮ್ಮ ಸಂತೋಷಕ್ಕೆ ಅತ್ತಳು.

ಮನೆಯಲ್ಲಿ ಕಡ್ಡಿ ಎತ್ತಿಡದ ದೇವಪ್ಪ ಅಡಿಕೆ ದಬ್ಬೆ ಸೀಳಿ ಗೂಡು ಕಟ್ಟಿದ. ಯಮುನಮ್ಮ ಕೋಲು ಹಿಡಿದು ಅಂಗಳದಲ್ಲಿ ಹದ್ದು ಕಾಯುತ್ತಾ ಕೂತಳು. ಸಂಜೆ ಗೂಡು ಮುಚ್ಚುವಾಗ ಒಂದು ಕೋಳಿ ಕಡಿಮೆಯಾದರೆ ಮೂವರೂ "ಬಾ ಬಾ ಬಾ" ಎನ್ನುತ್ತಾ ಕಾಫಿ ಗಿಡದ ಸಂದಿಯಲ್ಲೆಲ್ಲ ಹುಡುಕುತ್ತಿದ್ದರು. ಸಿಕ್ಕಮೇಲೆ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಿದ್ದರು. ಎಪ್ಪತ್ತೊಂಬತ್ತರ ಯುಗಾದಿಯ ಹೊತ್ತಿಗೆ ಕೋಳಿ ನಲವತ್ತು ದಾಟಿದ್ದವು. ಇನ್ನೊಂದು ಹೆಣ್ಣಿನ ಮಾತು ನಿಂತುಹೋಗಿತ್ತು.

ಆ ಬೇಸಿಗೆಯಲ್ಲಿ ಗಿರಿಯಮ್ಮ ಮತ್ತೆ ಹೊರಟಳು. ಬೆಳಿಗ್ಗೆ ಗೂಡು ತೆಗೆದಾಗ ಒಂದು ಎಳೆಯ ಕೋಳಿ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಿತ್ತು. ಬಿಸಿಲಿನ ಝಳ ಇರಬೇಕು ಅಂದುಕೊಂಡು ಅದರ ಬಾಯಿಗೆ ಈರುಳ್ಳಿ ರಸ ಹಿಂಡಿದಳು. ನಿಜ ಹೇಳಬೇಕೆಂದರೆ ಎದೆಯಲ್ಲಿ ಒಂದು ಅಳುಕು ಹುಟ್ಟಿತು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಇದ್ದುದರಲ್ಲೇ ದಷ್ಟಪುಷ್ಟವಾದ ಹೇಂಟೆಯ ಕಾಲಿಗೆ ಬಾಳೆನಾರು ಕಟ್ಟಿ ಎತ್ತಿಕೊಂಡು ಓಡಿದಳು.

ಒಂದು ರಾತ್ರಿ ಮಗಳ ಮನೆಯಲ್ಲಿದ್ದು ವಾಪಸು ಬಂದ ನಾಲ್ಕೇ ದಿನಕ್ಕೆ ಮೆಣಸೆಯ ಅವಳ ಗೂಡು ಖಾಲಿಯಾಯಿತು. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ಒಂದಾದ ಮೇಲೊಂದು ಬಿದ್ದವು. ಕೊಕ್ಕರೆ ರೋಗ ಎಂದರು ಊರವರು. ತಾನು ಕೊಟ್ಟ ಹೇಂಟೆ ಚೆನ್ನಾಗಿತ್ತಲ್ಲ ಎಂದು ಗಿರಿಯಮ್ಮ ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡಳು. ಇಪ್ಪತ್ತನೇ ದಿನ ತಡೆಯಲಾರದೆ ಬಸ್ಸು ಹತ್ತಿದಳು.

ಬಸರೀಕಟ್ಟೆಯ ಅಂಗಳದಲ್ಲಿ ಒಂದೂ ಕೋಳಿ ಇರಲಿಲ್ಲ. ಗೂಡಿನ ಬಾಗಿಲು ತೆರೆದೇ ಇತ್ತು.

"ಬನ್ನಿ ಗಿರಿಯಮ್ಮೋರೆ, ನಿಮ್ಮ ಮಗಳ ಘನಂದಾರಿ ಕೆಲಸ ನೋಡಿ" ಎಂದು ಯಮುನಮ್ಮ ಜಗುಲಿಯಿಂದಲೇ ಶುರು ಮಾಡಿದಳು. "ನಲವತ್ತೆರಡು ಕೋಳಿ! ಒಂದೂ ಉಳೀಲಿಲ್ಲ. ಮೊದಲು ನಾನು ನೀವು ತಂದ ಹೇಂಟೆ ಮೇಲೇ ಅನುಮಾನ ಪಟ್ಟಿದ್ದೆ. ತಪ್ಪು ನನ್ನದು. ಆಮೇಲೆ ಇವಳೇ ಬಾಯಿ ಬಿಟ್ಲು. ಬಾಳೆಹೊನ್ನೂರು ಸಂತೆಲಿ ಯಾವುದೋ ಕೋಳಿ ತಗಂಡು, ನಮಗೆ ಹೇಳದೆ ಕೇಳದೆ ಗೂಡಿಗೆ ಬಿಟ್ಟಿದ್ಲಂತೆ."

ಒಳಗೆ ಒಲೆಯ ಮುಂದೆ ಕೂತಿದ್ದ ಶಂಕರಮ್ಮ ತಲೆ ಎತ್ತಲಿಲ್ಲ.

"ಇವಳ ಕೈಯಲ್ಲಿ ಎಂತದೂ ಬದುಕೂದಿಲ್ಲ ಬಿಡಿ. ನಮ್ಮಣ್ಣನ ಮಗಳು ಒಬ್ಬಳಿದ್ದಾಳೆ. ಸೋಮವಾರ ದೇವಪ್ಪನ್ನ ಕರ್ಕಂಡು ಹೋಗಿ ನೋಡ್ಕಂಡು ಬರ್ತೀನಿ. ನಿಮಗೆ ಮುಚ್ಚಿಡೂದು ಎಂತಕ್ಕೆ?"

ದೇವಪ್ಪ ಕಂಬಕ್ಕೊರಗಿ ನಿಂತಿದ್ದ. ಗಿರಿಯಮ್ಮ ಏನೋ ಹೇಳಲು ಬಾಯಿ ತೆರೆದಳು.

"ಅವ್ವ, ಕೈಕಾಲು ತೊಳಕೋ. ಊಟ ಆರ್ತದೆ" ಎಂದಳು ಶಂಕರಮ್ಮ ಒಳಗಿನಿಂದ.

ಬಸ್ಸಿನವರೆಗೆ ಕಳಿಸಿಕೊಡಲು ಮಗಳು ಬಂದಳು. ಗದ್ದೆಯಂಚು ದಾಟಿದ ಮೇಲೆ ಗಿರಿಯಮ್ಮ ಕೇಳಿದಳು, "ನೀ ಸಂತೆಗೆ ಹೋಗಿದ್ಯೇನೇ?"

"ಇಲ್ಲ."

"ನನ್ನ ಮನೇಲಿ ಅವತ್ತು ಬೆಳಿಗ್ಗೆನೇ ಒಂದು ತೂಕಡಿಸ್ತಿತ್ತು ಕಣೇ. ಅದನ್ನ ನೋಡಿಯೂ ಹೇಂಟೆ ಹೊತ್ತು ತಂದೆ. ಈಗಲೇ ವಾಪಸು ಹೋಗಿ ಹೇಳ್ತೀನಿ, ನಂದೇ ತಪ್ಪು ಅಂತ."

ಶಂಕರಮ್ಮ ತಾಯಿಯ ಮಣಿಕಟ್ಟು ಹಿಡಿದು ನಿಲ್ಲಿಸಿದಳು. "ಹೇಳಿದ್ರೆ ಇನ್ನೊಂದ್ಸಲ ಆ ಮೆಟ್ಟಿಲು ನಿನ್ನ ಹತ್ತಿಸ್ತಾರಾ? ನನ್ನನ್ನ ಮೆಣಸೆಗೆ ಕಳಿಸ್ತಾರಾ? ಗಂಡನ್ನ ಹಂಚಿಕೊಂಡು ಹೆಂಗೋ ಬದುಕ್ತೀನವ್ವ. ನೀ ಬರೂದು ತಪ್ಪಿದ್ರೆ ನಾ ಹೆಂಗೆ ಬದುಕಲಿ?"

ಇಬ್ಬರೂ ರಸ್ತೆಯಲ್ಲೇ ನಿಂತು ಅತ್ತರು. ಎಸ್ಟೇಟಿನ ಜೀಪೊಂದು ಧೂಳೆಬ್ಬಿಸಿ ಹೋಯಿತು. ಬಸ್ಸು ಬಂತು. ಗಿರಿಯಮ್ಮನನ್ನು ಹತ್ತಿಸಿ ಶಂಕರಮ್ಮ ಕಿಟಕಿಯ ಹತ್ತಿರ ಬಂದು, "ಬಿಸಿಲಲ್ಲಿ ಜಾಸ್ತಿ ತಿರುಗಬೇಡ" ಎಂದಷ್ಟೇ ಹೇಳಿದಳು.

ಕಂಡಕ್ಟರು ಬಸ್ಸಿನ ಮೇಲಕ್ಕೆ ಮೂಟೆ ಏರಿಸುವಷ್ಟು ಹೊತ್ತು ಬಸ್ಸು ನಿಂತಿತ್ತು. ಯಮುನಮ್ಮನ ಜಗುಲಿ ಅಲ್ಲಿಂದ ದೂರವಿರಲಿಲ್ಲ. ಒಂದು ಮಾತು ಸಾಕಿತ್ತು, ಸೋಮವಾರದ ಪ್ರಯಾಣ ನಿಲ್ಲುತ್ತಿತ್ತೋ ಏನೋ. ಆದರೆ ಮಗಳ ಮುಖ ಮತ್ತೆ ನೋಡಲಾಗದ ಬದುಕನ್ನು ನೆನೆಸಿಕೊಂಡು ಗಿರಿಯಮ್ಮ ಕಿಟಕಿಯ ಸರಳು ಹಿಡಿದು ಕೂತಳು. ಮಗಳು ತಾಯಿಗಾಗಿ ಸುಳ್ಳು ಹೇಳಿದ್ದಳು. ತಾಯಿ ತನಗಾಗಿ ಸುಮ್ಮನಿದ್ದಳು, ಅದು ಗಿರಿಯಮ್ಮನಿಗೂ ಗೊತ್ತಿತ್ತು.

ಶಂಕರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮನೆಯ ದಾರಿ ಹಿಡಿದಳು. ಗಿರಿಯಮ್ಮ ಬಸ್ಸಿನಿಂದ ಇಳಿಯಲಿಲ್ಲ.