ಎಲ್ಲರಿಗಿಂತ ಜೋರಾದ ಆಮೆನ್

ಆ ಪುಟ್ಟ ಚರ್ಚಿನ ಸಭೆಯನ್ನು ಎರಡು ವರ್ಷಗಳಿಂದ ಇಬ್ಭಾಗ ಮಾಡಿದ್ದ ಮಹಾಪ್ರಶ್ನೆ ಇದು: ಬುಧವಾರದ ಪ್ರಾರ್ಥನಾಕೂಟದಲ್ಲಿ ಕಿಟಕಿ ತೆರೆದಿರಬೇಕೋ, ಮುಚ್ಚಿರಬೇಕೋ? ತೆರೆದಿರಲಿ ಎಂಬ ಪಕ್ಷಕ್ಕೆ ಗಣಿತದ ಟೀಚರಮ್ಮ ನಾಯಕಿ. ಹನ್ನೆರಡು ತಿಂಗಳೂ ನೆಗಡಿಯ ದರ್ಜಿಯಮ್ಮನದು ಎದುರು ಪಕ್ಷ. ವಿಶ್ವಾಸಿಗಳು ಜಗಳವಾಡಬಾರದಲ್ಲ, ಅದಕ್ಕೇ ಇಬ್ಬರೂ ಕಣ್ಣುಮುಚ್ಚಿ ದೇವರಿಗೆ ದೂರು ಹೇಳುತ್ತಿದ್ದರು.

"ತಂದೆಯೇ, ಕಿಟಕಿ ಜೊತೆಗೆ ಮನಸ್ಸನ್ನೂ ಮುಚ್ಚಿಕೊಂಡಿರೋರನ್ನ ನೀನೇ ಮುಟ್ಟಪ್ಪಾ," ಎಂದರು ಆ ಬುಧವಾರ ಟೀಚರಮ್ಮ.

ದರ್ಜಿಯಮ್ಮ ಸೊರ್ರನೆ ಮೂಗೆಳೆದುಕೊಂಡಳು. "ಕರ್ತನೇ, ಟೀಚರಕ್ಕನಿಗೆ ಆಪರೇಷನ್ನಲ್ಲಿ ಒಂದು ಕಡೆ ಎದೆ ತೆಗೆದಿರೋದು ನಿನ್ನನ್ನೂ ನನ್ನನ್ನೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅಂಗಿಯೊಳಗೆ ನಾನೇ ಹತ್ತಿ ತುಂಬಿ ಹೊಲಿದುಕೊಡ್ತೀನಿ. ಆ ಸಂಕಟಕ್ಕೇ ಹೀಗೆ ಸಿಡುಕ್ತಾರೆ, ಕ್ಷಮಿಸಪ್ಪಾ."

"ಆಮೆನ್," ಎಂದರು ಇಪ್ಪತ್ತು ಮಂದಿ, ಬಾಯಿ ಚಪ್ಪರಿಸಿದ ಹಾಗೆ.

ಟೀಚರಮ್ಮ ಕಣ್ಣು ತೆರೆದರು. ಮುಚ್ಚಿರಬೇಕಾಗಿದ್ದ ಕಣ್ಣುಗಳೆಲ್ಲ ಅವರ ಎದೆಯ ಮೇಲಿದ್ದವು, ಎಡಕ್ಕೂ ಬಲಕ್ಕೂ ತಾಳೆ ನೋಡುತ್ತ.

ಮರುದಿನ ಸಭಾಪಾಲಕರು ಮನೆಗೆ ಬಂದರು. "ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಅಂತ ವಾಕ್ಯ ಇದೆಯಲ್ಲ, ಟೀಚರಮ್ಮ."

"ಲೆಕ್ಕ ನನಗೆ ಹೇಳಿಕೊಡಬೇಡಿ, ಅಯ್ಯನವರೇ. ಡಾಕ್ಟರನ್ನ ಬಿಟ್ರೆ ಅವಳೊಬ್ಬಳ ಮುಂದೆ ನಾನು ಅಂಗಿ ಬಿಚ್ಚಿದ್ದು. ನೆನೆಸಿಕೊಂಡ್ರೆ ವಾಕರಿಕೆ ಬರುತ್ತೆ."

"ಪಾಪ, ಅವಳೂ ಅಳ್ತಾನೇ ಇದಾಳೆ."

"ನೆಗಡಿ ಇರಬೇಕು."

ಮುಂದಿನ ಬುಧವಾರ ದರ್ಜಿಯಮ್ಮ ಬರಲಿಲ್ಲ. ಟೀಚರಮ್ಮ ಶಾಲು ಬಿಗಿಯಾಗಿ ಹೊದ್ದು, ಹಟಕ್ಕೇ ಹೋದರು. ಕೂಟದಲ್ಲಿ ಅನುಕಂಪ ತುಂಬಿ ತುಳುಕುತ್ತಿತ್ತು. ಅಂಚೆಯವನ ಹೆಂಡತಿ ಎದ್ದು ನಿಂತಳು.

"ಸ್ವಾಮೀ, ಆ ಹರಕುಬಾಯಿಗೆ ನೀನೇ ಬೀಗ ಹಾಕು. ಅವಳ ಗಂಡ ಸುಮ್ಮನೆ ಬಿಟ್ಟು ಹೋದನಾ ತಂದೆಯೇ? ಆ ನಾಲಿಗೆಗೆ ಹೆದರಿ ಓಡಿಹೋದ."

"ಆಮೆನ್!"

ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಟೀಚರಮ್ಮನ ದನಿಯೇ. ಬಾಯಲ್ಲಿ ಸಿಹಿ ಕರಗಿದಂತಾಯಿತು. ಮರುಕ್ಷಣ, ಇನ್ನೊಬ್ಬರು ಜಗಿದು ಉಗಿದದ್ದನ್ನು ನುಂಗಿದವರಂತೆ ಶಾಲಿನ ಅಂಚಿನಿಂದ ಬಾಯಿ ಒರೆಸಿಕೊಂಡರು. ಹೋದ ವಾರ ಈ ಇಪ್ಪತ್ತು ಮಂದಿಗೆ ಸಿಕ್ಕಿದ್ದೂ ಇದೇ ರುಚಿ. ಪ್ರಾರ್ಥನೆ ಮುಗಿಯುವ ಮೊದಲೇ ಅವರು ಎದ್ದು ಹೊರಬಿದ್ದು, ನೆಟ್ಟಗೆ ದರ್ಜಿಯಮ್ಮನ ಅಂಗಡಿಗೆ ನಡೆದರು.

ದರ್ಜಿಯಮ್ಮ ಮಷೀನು ಬಿಟ್ಟೆದ್ದು ಓಡಿಬಂದಳು. "ಅಕ್ಕಾ, ನನ್ನ ನಾಲಿಗೆ ಸೇದಿಹೋಗ..."

"ಅಲ್ಲೇ ನಿಲ್ಲು. ನಿನ್ನನ್ನ ಕಂಡ್ರೆ ನನಗಿನ್ನೂ ಅಸಹ್ಯ. ಇವತ್ತಿಂದ ನನ್ನನ್ನ ಕಂಡ್ರೂ ಅಷ್ಟೆ."

"ಮತ್ತೆ ಯಾಕೆ ಬಂದ್ರಿ?"

"ಕ್ಷಮಿಸೋಕೆ. ಅಸಹ್ಯ ಹೋಗ್ಲಿ ಆಮೇಲೆ ನೋಡೋಣ ಅಂತ ಕೂತ್ರೆ, ಇಬ್ಬರೂ ಗೋರಿ ಸೇರ್ತೀವಿ ಅಷ್ಟೆ."

ಟೀಚರಮ್ಮ ಪರದೆ ಎಳೆದು, ಅಂಗಿ ಬಿಚ್ಚಿ, ಎರಡೂ ಕೈ ಎತ್ತಿ ನಿಂತರು. "ಹತ್ತಿ ಚಪ್ಪಟೆಯಾಗಿದೆ. ಹೊಸದಕ್ಕೆ ಅಳತೆ ತಗೋ. ಮೊದಲು ಆ ಮೂಗು ಒರೆಸಿಕೋ."

ಹೊಸ ಅಂಗಿ ಶನಿವಾರ ಸಿಕ್ಕಿತು. ತೋಳು ಅರ್ಧ ಅಂಗುಲ ಉದ್ದವಾಗಿತ್ತು; ಟೀಚರಮ್ಮ ಮಡಚಿಕೊಂಡು ತೊಟ್ಟರು.